ಜೆ.ಸಿ. ರಸ್ತೆಯ ಓಣಿಯಲ್ಲಿ ಕರೆಂಟಿನ ಜಾಡು

ಪುರಭವನದಿಂದ ಮಿನರ್ವ ಸರ್ಕಲ್ ಕಡೆಗೆ ಹೊರಟರೆ ರವೀಂದ್ರ ಕಲಾಕ್ಷೇತ್ರ ದಾಟುವಷ್ಟರಲ್ಲಿ ರಸ್ತೆಯ ಚಹರೆ ಬದಲಾಗುತ್ತದೆ. ನಾಟಕದ ಪೋಸ್ಟರುಗಳು ಹಿಂದೆ ಸರಿದು ಬಂಪರು, ಸೈಲೆನ್ಸರು, ಸೀಟ್ ಕವರು, ಹಾರ್ನುಗಳು ಕಣ್ಣಿಗೆ ಬೀಳತೊಡಗುತ್ತವೆ. ಇದು ಜಯಚಾಮರಾಜೇಂದ್ರ ರಸ್ತೆ. ಬೆಂಗಳೂರಿನವರ ಬಾಯಲ್ಲಿ ಜೆ.ಸಿ. ರೋಡ್. ಬೇರೆಲ್ಲೂ ಸಿಗದ ಬಿಡಿಭಾಗ ಇಲ್ಲಿ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯಿಂದ ಸುತ್ತಲಿನ ಜಿಲ್ಲೆಗಳಿಂದಲೂ ಜನ ಬರುತ್ತಾರೆ. ಹಳೆಯ ಮಾರುತಿಯ ಬಾಗಿಲ ಹಿಡಿಯಿಂದ ಹಿಡಿದು ಮೊನ್ನೆ ಬಂದ ಎಸ್‌ಯುವಿಯ ಟಚ್ ಸ್ಕ್ರೀನ್‌ವರೆಗೆ ಎಲ್ಲವೂ ಒಂದೇ ಸಾಲಿನ ಅಂಗಡಿಗಳಲ್ಲಿ ನೇತುಬಿದ್ದಿರುತ್ತದೆ.

ಅಕ್ಸೆಸರೀಸ್ ಅಂಗಡಿಗಳ ಗಾಜಿನ ಕಪಾಟಿನಲ್ಲಿ ದುಂಡಗಿನ ಗೇಜುಗಳು ಸಾಲಾಗಿ ಕೂತಿರುತ್ತವೆ. 52 ಮಿಲಿಮೀಟರಿನವು, 60 ಮಿಲಿಮೀಟರಿನವು. ವೋಲ್ಟ್ ತೋರಿಸುವುದು ಒಂದು, ಎಂಜಿನ್ ಆಯಿಲ್ ಒತ್ತಡ ತೋರಿಸುವುದು ಇನ್ನೊಂದು, ನೀರಿನ ಬಿಸಿಗೊಂದು, ಟರ್ಬೊ ಬೂಸ್ಟಿಗೊಂದು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಹೇಳುವ ಟ್ಯಾಕೋಮೀಟರ್ ಮತ್ತೊಂದು. ಕೊಳ್ಳುವವರಲ್ಲಿ ಜಿಪ್ಸಿ, ಥಾರ್, ಬೊಲೆರೊ ಇಟ್ಟುಕೊಂಡವರು ಹೆಚ್ಚು. ಆದರೆ ಇದು ಬರೀ ಶೋಕಿಯಲ್ಲ. ಈಚಿನ ಎಷ್ಟೋ ಸಣ್ಣ ಕಾರುಗಳಲ್ಲಿ ನೀರಿನ ಬಿಸಿ ತೋರಿಸುವ ಮುಳ್ಳೇ ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ಕುದಿಯುವ ಹೊತ್ತಿಗೆ ಕೆಂಪು ದೀಪ. ಚಾರ್ಮಾಡಿಯನ್ನೋ ಶಿರಾಡಿಯನ್ನೋ ಪೂರ್ತಿ ಲೋಡಿನಲ್ಲಿ ಹತ್ತುವವನಿಗೆ ಆ ಎರಡು ದೀಪಗಳ ನಡುವೆ ಎಂಜಿನ್ ಎಲ್ಲಿದೆ ಎಂದು ತಿಳಿಯಬೇಕು ಅನ್ನಿಸುವುದು ನ್ಯಾಯವೇ.

ಗೇಜು ಕೊಂಡ ಕೂಡಲೇ ಫುಟ್‌ಪಾತಿನ ಪಕ್ಕದಲ್ಲೇ ಹಾಕಿಸಿಕೊಂಡು ಹೋಗುವವರಿದ್ದಾರೆ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಸಿಕ್ಕ ವೈರನ್ನು ಸುಲಿದು, ಗೇಜಿನ ವೈರನ್ನು ಅದಕ್ಕೆ ಸುತ್ತಿ, ಮೇಲೆ ಕಪ್ಪು ಟೇಪು ಹಾಕಿದರೆ ಮುಳ್ಳು ಏಳುತ್ತದೆ, ದೀಪ ಬೆಳಗುತ್ತದೆ, ಗಿರಾಕಿ ಖುಷಿಯಿಂದ ಹೊರಡುತ್ತಾನೆ. ತೊಂದರೆ ಶುರುವಾಗುವುದು ಆಮೇಲೆ. ಆಗ ಅವನು ಹುಡುಕಿಕೊಂಡು ಬರುವುದು ಮುಖ್ಯರಸ್ತೆಯ ಅಂಗಡಿಗಲ್ಲ, ಅದರ ಹಿಂದಿನ ಓಣಿಗಳಿಗೆ. ಆಟೊ ಎಲೆಕ್ಟ್ರಿಷಿಯನ್‌ಗಳು ಇರುವುದು ಅಲ್ಲಿ.

ಮೊದಲ ಪ್ರಶ್ನೆ

ನಾನು ನಿಂತು ನೋಡಿದ ಶೆಡ್ಡಿನ ಅಗಲ ಒಂದು ಕಾರಿನಷ್ಟು. ಒಳಗೆ ಮರದ ಬೆಂಚು, ಅದರ ಮೇಲೆ ಬಿಚ್ಚಿಟ್ಟ ಸೆಲ್ಫ್ ಮೋಟಾರು, ಗೋಡೆಯ ಮೊಳೆಗೆ ಬಣ್ಣ ಬಣ್ಣದ ವೈರಿನ ಸುರುಳಿಗಳು. ಕೆಲಸವೆಲ್ಲ ನಡೆಯುವುದು ಹೊರಗೆ, ಓಣಿಯಲ್ಲೇ. ನಡುವಯಸ್ಸು ದಾಟಿದ ಮೇಸ್ತ್ರಿ, ಅವರ ಕೈಕೆಳಗೆ ಒಬ್ಬ ಹುಡುಗ. ಗಾಡಿ ಬಂದು ನಿಂತರೆ ಮೇಸ್ತ್ರಿ ಬಾನೆಟ್ಟಿಗೆ ಕೈ ಹಾಕುವುದಿಲ್ಲ. ಮೊದಲು ಮಾತು.

"ಇತ್ತೀಚ್ಗೆ ಏನ್ ಹಾಕ್ಸಿದ್ರಿ ಸಾರ್?"

ಗಿರಾಕಿಗಳು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ದಾಟಿಸಲು ನೋಡುತ್ತಾರೆ. ಬ್ಯಾಟರಿ ಹಳೇದು, ಆಲ್ಟರ್ನೇಟರ್ ಹೋಗಿರಬೇಕು, ಸೆನ್ಸರ್ ಬದಲಾಯಿಸಬೇಕೇನೋ ಎಂದು ತಾವೇ ತೀರ್ಪು ಕೊಡುತ್ತಾರೆ. ಮೇಸ್ತ್ರಿ ತಲೆಯಾಡಿಸಿ ಮತ್ತೆ ಅದೇ ಪ್ರಶ್ನೆಗೆ ಬರುತ್ತಾರೆ. ಗೇಜು ಹಾಕಿಸುವ ಮುಂಚೆ ಇಲ್ಲದ ದೋಷ, ಹಾಕಿಸಿದ ಮೇಲೆ ಬಂದಿದೆ ಅಂದರೆ ಹುಡುಕಾಟ ಶುರುವಾಗಬೇಕಾದ್ದು ಕೊನೆಗೆ ಕೈ ಬಿದ್ದ ಜಾಗದಿಂದ. ಆಮೇಲೆ ಎರಡನೆಯ ಸುತ್ತಿನ ಪ್ರಶ್ನೆಗಳು: ಯಾವಾಗ ಆಗುತ್ತೆ? ಲೈಟ್ ಹಾಕಿದಾಗಲಾ, ಬ್ರೇಕ್ ಒತ್ತಿದಾಗಲಾ, ಗುಂಡಿಗೆ ಬಿದ್ದಾಗಲಾ, ಮಳೆ ಬಂದಾಗಲಾ, ರಾತ್ರಿ ನಿಲ್ಲಿಸಿಟ್ಟಾಗಲಾ? ಈ ಐದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಗೇಜಿಗೆ ಬೇಕಾದ್ದು ತೀರ ಕಡಿಮೆ. ಕೀ ಆನ್ ಮಾಡಿದಾಗ ಮಾತ್ರ ಬರುವ ಪ್ಲಸ್ ಒಂದು, ವಾಪಸ್ ಹೋಗಲು ಅರ್ತ್ ಒಂದು, ರಾತ್ರಿ ದೀಪಕ್ಕೆ ಒಂದು, ಸೆನ್ಸರಿನಿಂದ ಬರುವ ವೈರು ಒಂದು. ಈ ನಾಲ್ಕರಲ್ಲಿ ಯಾವುದನ್ನು ಎಲ್ಲಿಂದ ತೆಗೆದುಕೊಂಡರು ಎಂಬುದರಲ್ಲೇ ಓಣಿಗೆ ಬರುವ ಬಹುಪಾಲು ಗಾಡಿಗಳ ಕತೆ ಅಡಗಿದೆ. ಗೇಜೇ ಕೆಟ್ಟಿರುವುದು ಅಪರೂಪ. ಅದನ್ನು ಖಾತ್ರಿ ಮಾಡಿಕೊಳ್ಳಲು ಮೇಸ್ತ್ರಿ ಬಳಿ ಸುಲಭ ದಾರಿ ಇದೆ: ಗೇಜನ್ನು ಗಾಡಿಯ ವೈರಿಂಗಿನಿಂದ ಪೂರ್ತಿ ಬಿಡಿಸಿ, ಸಣ್ಣ ಫ್ಯೂಸ್ ಇರುವ ಎರಡು ಉದ್ದ ವೈರುಗಳಿಂದ ನೇರವಾಗಿ ಬ್ಯಾಟರಿಗೆ ಕೊಡುವುದು. ಆಗ ಅದು ಸರಿಯಾಗಿ ನಡೆದರೆ ಗೇಜು ನಿರ್ದೋಷಿ.

ಮೂರು ಮುಳ್ಳು, ಮೂರು ಕೆಟ್ಟ ಸುದ್ದಿ

ಮೊದಲು ಬಂದದ್ದು ಒಂದು ಜಿಪ್ಸಿ. ಡ್ಯಾಶ್‌ಬೋರ್ಡಿನ ಮೇಲೆ ಹೊಸದಾಗಿ ಮೂರು ಗೇಜು: ನೀರಿನ ಬಿಸಿ, ಆಯಿಲ್ ಒತ್ತಡ, ವೋಲ್ಟ್. ಹಗಲಿನಲ್ಲಿ ಎಲ್ಲ ಸರಿ. ರಾತ್ರಿ ಫಾಗ್ ಲ್ಯಾಂಪ್ ಹಾಕಿದ ಕ್ಷಣ ಬಿಸಿಯ ಮುಳ್ಳು ಏರುತ್ತದೆ, ಆಯಿಲ್ ಒತ್ತಡ ಇಳಿಯುತ್ತದೆ, ವೋಲ್ಟೂ ಇಳಿಯುತ್ತದೆ. ಎಂಜಿನ್ ಸೀಜ್ ಆಗುತ್ತದೆಂದು ಹೆದರಿ ಮಾಲೀಕರು ಹೈವೇಯಲ್ಲೇ ಗಾಡಿ ನಿಲ್ಲಿಸಿದ್ದರಂತೆ.

ಮೂರೂ ಗೇಜು ಒಟ್ಟಿಗೆ, ಒಂದೇ ಸ್ವಿಚ್ಚಿಗೆ ಅಲ್ಲಾಡುತ್ತವೆ ಎಂದರೆ ಮೂರೂ ಹಂಚಿಕೊಂಡಿರುವ ಜಾಗದಲ್ಲೇ ದೋಷ ಇರಬೇಕು. ಅದು ಅರ್ತ್. ಮೇಸ್ತ್ರಿ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಹುಡುಗನ ಕೈಗೆ ಕೊಟ್ಟರು. ಅವನು ಅದನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಿ ಹಿಡಿದ. ಕ್ಲಾಂಪಿಗಲ್ಲ, ಸೀಸದ ಕಂಬಕ್ಕೆ. ಕೆಂಪು ಕಡ್ಡಿಯನ್ನು ಮೇಸ್ತ್ರಿ ಗೇಜಿನ ಬೆನ್ನಿನ ಕಪ್ಪು ವೈರಿಗೆ ತಾಗಿಸಿದರು. ಎಂಜಿನ್ ಓಡುತ್ತಿತ್ತು. ಮೀಟರು ತೋರಿಸಿದ್ದು 0.02. "ಫಾಗ್ ಹಾಕಿ ಸಾರ್" ಅಂದರು. ಮಾಲೀಕರು ಸ್ವಿಚ್ ಒತ್ತಿದರು. 0.91.

ಆ ಅಂಕಿ ಎಲ್ಲವನ್ನೂ ಹೇಳಿತು. ಮೈನಸ್ ಅಂದರೆ ಗಾಡಿಯಲ್ಲೆಲ್ಲ ಸೊನ್ನೆ ಇರಬೇಕು. ಒಳ್ಳೆಯ ಅರ್ತಿನಲ್ಲಿ 0.1 ವೋಲ್ಟಿಗಿಂತ ಹೆಚ್ಚು ಕಾಣಬಾರದು. 55 ವಾಟಿನ ಎರಡು ಫಾಗ್ ಲ್ಯಾಂಪುಗಳು ಸುಮಾರು 9 ಆಂಪಿಯರ್ ಎಳೆಯುತ್ತವೆ. ಅಷ್ಟು ಕರೆಂಟು ವಾಪಸ್ ಹೋಗುವ ದಾರಿಯಲ್ಲಿ 0.1 ಓಮಿನಷ್ಟು ತಡೆ ಇದ್ದರೆ ಸಾಕು, 0.9 ವೋಲ್ಟ್ ಅಲ್ಲೇ ನಿಂತುಬಿಡುತ್ತದೆ. ನಾಲ್ಕು ಬೀದಿಯ ಮಳೆನೀರನ್ನು ಒಂದೇ ಕಿರಿದಾದ ಚರಂಡಿಗೆ ಬಿಟ್ಟರೆ ಮಟ್ಟ ಏರಿ ಪಕ್ಕದ ಮನೆಯ ಹೊಸ್ತಿಲಿಗೆ ಬರುತ್ತದಲ್ಲ, ಇದೂ ಹಾಗೇ. ಸೆನ್ಸರು ಕೂತಿರುವುದು ಎಂಜಿನ್ ಮೇಲೆ, ಅದರ ಸೊನ್ನೆ ಅಲ್ಲಾಡಿಲ್ಲ. ಗೇಜಿನ ಸೊನ್ನೆ ಮಾತ್ರ ಮೇಲೇರಿದೆ. ಹಾಗಾಗಿ ಸೆನ್ಸರಿನ ಓಮ್ ಕಡಿಮೆಯಾಗಿದೆ ಎಂದು ಗೇಜು ಭ್ರಮಿಸುತ್ತದೆ. ಬಿಸಿಯ ಸೆನ್ಸರಿನಲ್ಲಿ ಓಮ್ ಕಡಿಮೆ ಅಂದರೆ ಬಿಸಿ ಹೆಚ್ಚು. ಈ ಜಿಪ್ಸಿಯಲ್ಲಿದ್ದ ಬಗೆಯ ಆಯಿಲ್ ಸೆನ್ಸರಿನಲ್ಲಿ ಓಮ್ ಕಡಿಮೆ ಅಂದರೆ ಒತ್ತಡ ಕಡಿಮೆ. ಎಂಜಿನ್ನಿಗೆ ಏನೂ ಆಗದೆ ಮೂರು ಮುಳ್ಳೂ ಒಟ್ಟಿಗೆ ಕೆಟ್ಟ ಸುದ್ದಿ ಹೇಳಿದ್ದು ಹೀಗೆ.

ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಟ್ಟಾಗ ಕಂಡದ್ದು: ಗೇಜುಗಳ ಕಪ್ಪು ವೈರುಗಳನ್ನು ಫಾಗ್ ಲ್ಯಾಂಪಿನ ಅರ್ತ್ ವೈರಿಗೇ ಸುತ್ತಿದ್ದರು. ಆ ಅರ್ತನ್ನು ಬಣ್ಣ ಬಳಿದ ತಗಡಿಗೆ ಸ್ಕ್ರೂ ಹೊಡೆದು ಕೂರಿಸಿದ್ದರು. ಬಣ್ಣದ ಮೇಲೆ ಥಿಂಬಲ್ (ವೈರಿನ ತುದಿಯ ಲೋಹದ ಬಳೆ) ಕೂತರೆ ಕರೆಂಟಿಗೆ ಸಿಗುವುದು ಸ್ಕ್ರೂವಿನ ಸುರುಳಿಯಷ್ಟೇ ದಾರಿ; ಅಲ್ಲೂ ತುಕ್ಕು. ಹುಡುಗ ಎಮರಿ ಕಾಗದದಿಂದ ತಗಡನ್ನು ಬೆಳ್ಳಗಾಗುವ ತನಕ ಉಜ್ಜಿದ. ಹೊಸ ಥಿಂಬಲ್, ಅದರ ಕೆಳಗೆ ಹಲ್ಲಿನ ವಾಷರ್, ಮೇಲೆ ಬೋಲ್ಟು, ತೇವ ಸೇರದಂತೆ ಸ್ವಲ್ಪ ಗ್ರೀಸು. ಫಾಗ್ ಲ್ಯಾಂಪಿನ ಅರ್ತ್ ಅಲ್ಲೇ ಉಳಿಯಿತು. ಗೇಜುಗಳ ಅರ್ತಿಗೆ ಬೇರೆಯದೇ ವೈರು ಎಳೆದು, ಎಂಜಿನ್ನೂ ಬ್ಯಾಟರಿಯ ಮೈನಸ್ಸೂ ಸೇರುವ ಬೋಲ್ಟಿಗೆ ಕೊಟ್ಟರು. ಮತ್ತೆ ಫಾಗ್ ಹಾಕಿದಾಗ ಮೀಟರು 0.03ರಲ್ಲಿ ನಿಂತಿತು. ಮುಳ್ಳುಗಳು ಅಲುಗಲಿಲ್ಲ.

ಇದಕ್ಕೆ ಹೊಸ ಸಾಮಾನು ಅಂತ ಹೋದದ್ದು ಒಂದೂವರೆ ಮೀಟರ್ ವೈರು ಮತ್ತು ಎರಡು ಥಿಂಬಲ್. ಗ್ಯಾರೇಜೊಂದರಲ್ಲಿ ಈ ಗಾಡಿಗೆ ಆಯಿಲ್ ಪಂಪ್ ಬದಲಿಸಲು ಹೇಳಿದ್ದರಂತೆ.

ನಿಂತ ಕಾರು ಕುಡಿಯುವ ಕರೆಂಟು

ಎರಡನೆಯದು ಗೇಜು ಹಾಕಿಸಿದ್ದ ಸಣ್ಣ ಹ್ಯಾಚ್‌ಬ್ಯಾಕ್. ಎರಡು ದಿನ ನಿಲ್ಲಿಸಿದರೆ ಸೆಲ್ಫ್ ಹೊಡೆಯುವುದಿಲ್ಲ. ಮಾಲೀಕರು ಬ್ಯಾಟರಿ ಬದಲಿಸಿ ಆಗಿದೆ, ಹೊಸದೂ ಇಳಿಯುತ್ತಿದೆ.

ಮೇಸ್ತ್ರಿ ಮೊದಲು ನೋಡಿದ್ದು ಮೂರು ವೋಲ್ಟೇಜು. ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿ 12.6 ಹತ್ತಿರ ಇರಬೇಕು, 12.2ಕ್ಕೆ ಬಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಈ ಕಾರಿನಲ್ಲಿ ಚಾರ್ಜಿಂಗ್ ಸರಿಯಾಗಿತ್ತು, ಬ್ಯಾಟರಿಯೂ ಸರಿ. ಹಾಗಾದರೆ ನಿಂತಿದ್ದಾಗ ಯಾರೋ ಕುಡಿಯುತ್ತಿದ್ದಾರೆ.

ಅದನ್ನು ಹಿಡಿಯುವ ವಿಧಾನಕ್ಕೆ ತಾಳ್ಮೆ ಬೇಕು. ಬಾನೆಟ್ ತೆಗೆದಿಟ್ಟು, ಬಾಗಿಲು ತೆರೆದಿಟ್ಟು, ಬಾಗಿಲಿನ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದರು. ಬಾಗಿಲು ಹಾಕಿದೆ ಎಂದು ಕಾರು ನಂಬಬೇಕು. ಬ್ಯಾಟರಿಯ ಮೈನಸ್ ಕ್ಲಾಂಪ್ ಬಿಚ್ಚಿ, ಕಂಬಕ್ಕೂ ಕ್ಲಾಂಪಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರಿನ ತೂತಿನಲ್ಲಿ ಜೋಡಿಸಿದರು. ಈ ಸ್ಥಿತಿಯಲ್ಲಿ ಅಪ್ಪಿತಪ್ಪಿ ಯಾರಾದರೂ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸು ಹಾರುತ್ತದೆ. ಹಾಗಾಗಿ ಕೀ ಮೇಸ್ತ್ರಿಯ ಜೇಬಿಗೆ. ಆಮೇಲೆ ಇಪ್ಪತ್ತು ನಿಮಿಷ, ಅರ್ಧ ಗಂಟೆ ಕಾಯುವುದು. ಈಗಿನ ಕಾರುಗಳಲ್ಲಿ ಕೀ ತೆಗೆದ ಕೂಡಲೇ ಎಲ್ಲ ಮಾಡ್ಯೂಲುಗಳೂ ಮಲಗುವುದಿಲ್ಲ, ಒಂದೊಂದಾಗಿ ಮಲಗುತ್ತವೆ. ಅವಸರದಲ್ಲಿ ಅಳೆದರೆ ಇಲ್ಲದ ದೋಷ ಕಾಣುತ್ತದೆ.

ಎಲ್ಲವೂ ಮಲಗಿದ ಮೇಲೆ ಕಾರು ಎಳೆಯಬೇಕಾದ್ದು ಸುಮಾರು 0.05 ಆಂಪಿಯರಿಗಿಂತ ಕಡಿಮೆ. ಗಡಿಯಾರ, ರಿಮೋಟ್ ಲಾಕು, ಮೆಮೊರಿಗೆ ಅಷ್ಟು ಸಾಕು. ಇಲ್ಲಿ ಮೀಟರು 0.38ರಲ್ಲಿ ನಿಂತಿತು. 35 ಆಂಪಿಯರ್-ಅವರ್ ಬ್ಯಾಟರಿಯನ್ನು 0.05 ಆಂಪಿಯರ್ ಖಾಲಿ ಮಾಡಲು ಲೆಕ್ಕದ ಪ್ರಕಾರ 700 ಗಂಟೆ ಬೇಕು, ಹತ್ತಿರ ಹತ್ತಿರ ಒಂದು ತಿಂಗಳು. 0.38 ಆದರೆ 92 ಗಂಟೆ; ನಾಲ್ಕು ದಿನವೂ ಇಲ್ಲ. ಸೆಲ್ಫ್ ಸೋಲಲು ಬ್ಯಾಟರಿ ಪೂರ್ತಿ ಖಾಲಿಯಾಗಬೇಕಿಲ್ಲ. ಎರಡು ದಿನದ ಲೆಕ್ಕ ಸರಿಯಾಗಿ ಕೂತಿತು.

ಇನ್ನು ಯಾವ ಫ್ಯೂಸಿನ ದಾರಿಯಲ್ಲಿ ಎಂದು ಹುಡುಕಬೇಕು. ಫ್ಯೂಸನ್ನು ಒಂದೊಂದಾಗಿ ಕೀಳುವುದು ಹಳೆಯ ಪದ್ಧತಿ. ಆದರೆ ಕಿತ್ತು ಹಾಕಿದರೆ ಮಲಗಿದ ಮಾಡ್ಯೂಲು ಮತ್ತೆ ಎದ್ದು ಕೂರುತ್ತದೆ. ಮೇಸ್ತ್ರಿ ಕೀಳಲಿಲ್ಲ. ಫ್ಯೂಸಿನ ಬೆನ್ನಿನ ಮೇಲೆ ಅಳೆಯಲೆಂದೇ ಬಿಟ್ಟಿರುವ ಎರಡು ಲೋಹದ ಚುಕ್ಕೆಗಳಿಗೆ ಇನ್ನೊಂದು ಮೀಟರಿನ ಕಡ್ಡಿಗಳನ್ನು ಮಿಲಿವೋಲ್ಟಿನಲ್ಲಿ ಇಟ್ಟು ಸಾಲಾಗಿ ನೋಡುತ್ತ ಹೋದರು. ಸೊನ್ನೆ, ಸೊನ್ನೆ, ಸೊನ್ನೆ. ಒಳಗಿನ ರೂಮ್ ಲೈಟಿನ ಫ್ಯೂಸಿನ ಮೇಲೆ ಅಂಕಿ ಎದ್ದಿತು. ಫ್ಯೂಸಿನೊಳಗೆ ಕರೆಂಟು ಹರಿಯುತ್ತಿದ್ದರೆ ಮಾತ್ರ ಅದರ ಎರಡು ತುದಿಗಳ ನಡುವೆ ಆ ಸಣ್ಣ ವ್ಯತ್ಯಾಸ ಇರುತ್ತದೆ.

ಗೇಜಿನ ಪ್ಲಸ್ಸನ್ನು ಅಲ್ಲಿಂದ ತೆಗೆದಿದ್ದರು. ಅದು ಕೀ ಆಫ್ ಆದರೂ ಸದಾ ಕರೆಂಟು ಇರುವ ಲೈನು. ಗೇಜಿನ ದೀಪವನ್ನು ಪಾರ್ಕಿಂಗ್ ಲೈಟಿಗೆ ಕೊಟ್ಟಿದ್ದರಿಂದ ಅದು ರಾತ್ರಿ ಆರುತ್ತಿತ್ತು. ಗೇಜು ಆಫ್ ಆಗಿದೆ ಎಂದು ಮಾಲೀಕರು ತಿಳಿದಿದ್ದರು. ಒಳಗಿನ ಕಂಟ್ರೋಲ್ ಡಬ್ಬಿ ಹಗಲು ರಾತ್ರಿ ಎಚ್ಚರವಾಗಿಯೇ ಇತ್ತು. ಪ್ಲಸ್ಸನ್ನು ಕೀ ಆನ್ ಆದಾಗಷ್ಟೇ ಬರುವ ಲೈನಿಗೆ ಬದಲಿಸಿದ ಮೇಲೆ ಮೀಟರು 0.02ಕ್ಕೆ ಇಳಿಯಿತು. ಆ ಹೊಸ ಬ್ಯಾಟರಿಯ ಖರ್ಚು ಅನಗತ್ಯವಾಗಿತ್ತು.

ಗುಂಡಿಗೆ ಬಿದ್ದರೆ ಉಸಿರು ಕಟ್ಟುವ 800

ಹಳೆಯ ಕಾರ್ಬುರೇಟರ್ ಮಾರುತಿ 800 ಇನ್ನೊಂದು ಪಾಠ ಕಲಿಸಿತು. ಯುವಕನೊಬ್ಬ ತಂದೆಯ ಕಾರನ್ನು ಪ್ರೀತಿಯಿಂದ ಚೊಕ್ಕ ಮಾಡಿಸಿ ಟ್ಯಾಕೋಮೀಟರ್ ಹಾಕಿಸಿದ್ದ. ಅಂದಿನಿಂದ ರಸ್ತೆಯ ಗುಂಡಿಗೆ ಚಕ್ರ ಬಿದ್ದಾಗಲೆಲ್ಲ ಎಂಜಿನ್ ಗಕ್ಕನೆ ನಿಲ್ಲುತ್ತದೆ, ಮತ್ತೆ ತಾನೇ ಹತ್ತಿಕೊಳ್ಳುತ್ತದೆ.

"ವೈರ್ ಎಲ್ಲಿಂದ ಒಳಗ್ ಬಂದಿದೆ ನೋಡೋ" ಎಂದು ಮೇಸ್ತ್ರಿ ಹುಡುಗನಿಗೆ ಹೇಳಿದರು. "ತೂತಲ್ಲಿ ಬುಷ್ ಇದ್ಯಾ?"

"ಇಲ್ಲಣ್ಣಾ. ಹಂಗೇ ತಗಡ್ನಲ್ಲಿ ಬಂದಿದೆ."

ಡಿಸ್ಟ್ರಿಬ್ಯೂಟರ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಟ್ಯಾಕೋಮೀಟರಿನ ಸಿಗ್ನಲ್ ವೈರನ್ನು ಇಗ್ನಿಷನ್ ಕಾಯಿಲಿನ ಮೈನಸ್ ತುದಿಯಿಂದ ತೆಗೆಯುತ್ತಾರೆ. ಕಾಯಿಲಿಗೆ ಕರೆಂಟು ತುಂಬಿ, ಮೈನಸ್ ತುದಿಯಲ್ಲಿ ಅದು ಪಟಕ್ಕನೆ ಕಡಿದಾಗ ಕಿಡಿ ಹುಟ್ಟುತ್ತದೆ. ಆ ಕಡಿತಗಳನ್ನು ಎಣಿಸಿಯೇ ಟ್ಯಾಕೋಮೀಟರ್ ಸುತ್ತು ಹೇಳುವುದು. ಈ ತುದಿ ಗಾಡಿಯ ಮೈಗೆ ತಾಗಿದರೆ ಕರೆಂಟು ಕಡಿಯುವುದೇ ಇಲ್ಲ; ಕಿಡಿಯೂ ಇಲ್ಲ, ಎಂಜಿನ್ನೂ ಇಲ್ಲ. ಇಲ್ಲಿ ಆ ವೈರು ಎಂಜಿನ್ ಕೋಣೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ಹಾದಿತ್ತು. ತಗಡಿನ ಅಂಚು ಪ್ಲಾಸ್ಟಿಕ್ಕನ್ನು ಸವೆಸಿ, ಒಳಗಿನ ತಾಮ್ರ ಕೂದಲೆಳೆಯಷ್ಟು ಹೊರಗೆ ಇಣುಕುತ್ತಿತ್ತು. ಗಾಡಿ ಕುಲುಕಿದಾಗ ಅದು ತಗಡಿಗೆ ತಾಗುತ್ತದೆ, ನೆಟ್ಟಗಾದಾಗ ಬಿಡುತ್ತದೆ. ಹೊಸ ವೈರು ಎಳೆದು, ಮೇಲೆ ಪಿವಿಸಿ ಸ್ಲೀವ್ ತೊಡಿಸಿ, ತೂತಿಗೆ ಬುಷ್ ಕೂರಿಸಿದರು.

ಕೆಲಸ ಮುಗಿದ ಮೇಲೆ ಮೇಸ್ತ್ರಿ ಇನ್ನೊಂದು ವಿಷಯ ಗಮನಿಸಿದರು. ಆ ಟ್ಯಾಕೋಮೀಟರಿನ ಬೆನ್ನಿನ ಸ್ವಿಚ್ಚಿನಲ್ಲಿ 4, 6, 8 ಸಿಲಿಂಡರಿಗೆ ಮಾತ್ರ ಜಾಗ ಇತ್ತು. 800ರದ್ದು ಮೂರು ಸಿಲಿಂಡರ್. ನಾಲ್ಕರ ಎಂಜಿನ್ ಪ್ರತಿ ಸುತ್ತಿಗೆ ಎರಡು ಕಿಡಿ ಕೊಟ್ಟರೆ ಮೂರರದ್ದು ಒಂದೂವರೆ ಕೊಡುತ್ತದೆ. ನಾಲ್ಕಕ್ಕೆ ಹೊಂದಿಸಿದ ಗೇಜು ಇದರಲ್ಲಿ ಯಾವಾಗಲೂ ಮುಕ್ಕಾಲು ಪಾಲು ಮಾತ್ರ ತೋರಿಸುತ್ತದೆ. ಎಂಜಿನ್ 4,000 ಸುತ್ತಿನಲ್ಲಿದ್ದಾಗ ಮುಳ್ಳು 3,000ದಲ್ಲಿ. ಎಂಜಿನ್ನನ್ನು ಉಳಿಸಲೆಂದು ಹಾಕಿದ ಮುಳ್ಳೇ ಅದನ್ನು ಹೆಚ್ಚು ದುಡಿಸಲು ಪ್ರೇರೇಪಿಸಿದಂತಾಯಿತು. ಡೀಸೆಲ್ ಗಾಡಿಗಳಲ್ಲಂತೂ ಕಿಡಿಯೇ ಇಲ್ಲ; ಅವುಗಳಲ್ಲಿ ಹಳೆಯವಕ್ಕೆ ಆಲ್ಟರ್ನೇಟರಿನ ಡಬ್ಲ್ಯೂ ತುದಿಯಿಂದ ಸಿಗ್ನಲ್ ತೆಗೆಯಬೇಕು.

ಫ್ಯೂಸು ಕಾಯುವುದು ಯಾರನ್ನು?

ಮಧ್ಯಾಹ್ನ ಚಹಾ ಬಂದಾಗ ಮೇಸ್ತ್ರಿ ಬೆಂಚಿನ ಡ್ರಾಯರಿನಿಂದ ಕರಕಲಾದ ವೈರಿನ ಕಟ್ಟೊಂದನ್ನು ತೆಗೆದು ತೋರಿಸಿದರು. ಗೇಜು ಹಾಕಿಸಿದ ಗಾಡಿಯಲ್ಲಿ ಪದೇಪದೇ 10 ಆಂಪಿಯರ್ ಫ್ಯೂಸು ಹೋಗುತ್ತಿತ್ತಂತೆ. ಯಾರೋ ಅದನ್ನು ಕಿತ್ತು 30 ಹಾಕಿದರು. ಫ್ಯೂಸು ಹೋಗುವುದು ನಿಂತಿತು. ವೈರು ಸುಡಲು ಶುರುವಾಯಿತು. ಆರು ವೈರುಗಳ ಪ್ಲಾಸ್ಟಿಕ್ ಒಂದಕ್ಕೊಂದು ಕರಗಿ ಅಂಟಿದ ಆ ಕಟ್ಟನ್ನು ಅವರು ಎಸೆಯದೆ ಇಟ್ಟುಕೊಂಡಿರುವುದು ಗಿರಾಕಿಗಳಿಗೆ ತೋರಿಸಲೆಂದೇ.

ಫ್ಯೂಸಿನ ಬಣ್ಣಕ್ಕೆ ಲೆಕ್ಕ ಇದೆ. ಕಂದು 7.5, ಕೆಂಪು 10, ನೀಲಿ 15, ಹಳದಿ 20, ಹಸಿರು 30. ಒಂದು ಲೈನಿಗೆ ಕೆಂಪು ಕೊಟ್ಟಿದ್ದಾರೆ ಎಂದರೆ ಅಲ್ಲಿನ ವೈರಿನ ದಪ್ಪಕ್ಕೆ ಅಷ್ಟೇ ತಡೆದುಕೊಳ್ಳುವ ಶಕ್ತಿ. ಫ್ಯೂಸು ಕಾಯುವುದು ಗೇಜನ್ನಲ್ಲ, ವೈರನ್ನು. ಗೇಜಿಗೆ ಸಾಮಾನ್ಯವಾಗಿ ಒಂದು ಆಂಪಿಯರೂ ಬೇಕಿಲ್ಲ. ಅದರ ತೆಳ್ಳಗಿನ ವೈರಿಗೆ ಶುರುವಿನಲ್ಲೇ, ಕರೆಂಟು ತೆಗೆದ ಜಾಗದ ಹತ್ತಿರವೇ, 2 ಅಥವಾ 3 ಆಂಪಿಯರಿನ ಬೇರೆ ಫ್ಯೂಸು ಇರಬೇಕು. ಇದಿಲ್ಲದೆ ಗಾಡಿಯ ಮೂಲ ಲೈನಿಗೆ ನೇರ ಸುತ್ತಿದರೆ ಗೇಜಿನ ವೈರು ಶಾರ್ಟ್ ಆದಾಗ ವೈಪರೋ ಮೀಟರ್ ಬೋರ್ಡೋ ಜೊತೆಯಲ್ಲೇ ಸಾಯುತ್ತದೆ.

ಆಂಪಿಯರ್ ಗೇಜನ್ನು ಮೇಸ್ತ್ರಿ ಯಾರಿಗೂ ಹಾಕಿಕೊಡುವುದಿಲ್ಲ. ಹಳೆಯ ಬಗೆಯದಾದರೆ ಬ್ಯಾಟರಿ ಚಾರ್ಜಿಂಗಿನ ಪೂರ್ತಿ ಕರೆಂಟನ್ನು ದಪ್ಪ ವೈರಿನಲ್ಲಿ ಡ್ಯಾಶ್‌ಬೋರ್ಡಿನ ತನಕ ಎಳೆದು ತರಬೇಕು. ಒಂದು ನಟ್ಟು ಸಡಿಲವಾದರೆ ಅಲ್ಲೇ ಬೆಂಕಿ. "ವೋಲ್ಟ್ ಗೇಜ್ ಹಾಕ್ಸ್ಕೊಳಿ ಸಾರ್, ಅಷ್ಟೇ ವಿಷ್ಯ ಹೇಳುತ್ತೆ" ಎನ್ನುತ್ತಾರೆ.

ಕಂಪ್ಯೂಟರ್ ಇರುವ ಗಾಡಿಗಳು

2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಗೆ ಬಂದ ನಂತರದ ಕಾರುಗಳು ಓಣಿಗೆ ಬಂದರೆ ಮೇಸ್ತ್ರಿಯ ಕೈ ನಿಧಾನವಾಗುತ್ತದೆ. ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಅವರು ಇಂಥ ಕಾರಿಗೆ ಮುಟ್ಟಿಸುವುದಿಲ್ಲ. ಸೆನ್ಸರಿನ ಸಣ್ಣ ಸಿಗ್ನಲ್ ಲೈನಿನಲ್ಲಿ ಆ ಬಲ್ಬು ಎಳೆಯುವ ಕರೆಂಟೇ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಏಟು ಕೊಡಬಲ್ಲದು. ಅಲ್ಲಿ ಮಲ್ಟಿಮೀಟರ್ ಮಾತ್ರ. ಹಳದಿ ಸ್ಲೀವಿನ, ಹಳದಿ ಕಪ್ಲರಿನ ವೈರು ಕಂಡರೆ ಅದು ಏರ್‌ಬ್ಯಾಗಿನದು. ಅದನ್ನು ಸುಲಿಯುವುದಿರಲಿ, ಅಳೆಯಲೂ ಹೋಗುವುದಿಲ್ಲ.

ದೀಪದ ವೈರಿನಲ್ಲೂ ತೊಡಕಿದೆ. ಹೊಸ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಬೆಳಕನ್ನು ಸೆಕೆಂಡಿಗೆ ನೂರಾರು ಸಲ ಆನ್-ಆಫ್ ಮಾಡಿ ಮಂದ ಮಾಡುತ್ತಾರೆ. ಅಲ್ಲಿಂದ ಕರೆಂಟು ತೆಗೆದರೆ ಗೇಜು ಮಿಣುಕುತ್ತದೆ. ಕೆಲವು ಕಾರುಗಳಲ್ಲಿ ಮಂದ ಮಾಡುವುದು ಮೈನಸ್ ಕಡೆಯಲ್ಲಿ. ಅಲ್ಲಿ ಗೇಜಿನ ದೀಪವನ್ನು ಸುತ್ತಿದರೆ ಕರೆಂಟು ಹಿಂದಿನಿಂದ ನುಗ್ಗಿ ಸಂಬಂಧವೇ ಇಲ್ಲದ ದೀಪಗಳು ಅರೆಬರೆ ಉರಿಯುತ್ತವೆ. ಇಂಥ ಹಿಮ್ಮುಖ ಕರೆಂಟಿನ ದೋಷಗಳೇ ಮಾಲೀಕರನ್ನು ಹೆಚ್ಚು ಗಾಬರಿಗೊಳಿಸುವುದು: ಬ್ರೇಕ್ ಒತ್ತಿದರೆ ಗೇಜು ಬೆಳಗುತ್ತದೆ, ಕೀ ತೆಗೆದರೂ ಏನೋ ಓಡುತ್ತಿರುತ್ತದೆ.

ವೈರೇ ಕತ್ತರಿಸದೆ ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಗೇಜುಗಳು ಈಗ ಬಂದಿವೆ. ನೀರಿನ ಬಿಸಿ, ಸುತ್ತು, ವೋಲ್ಟನ್ನು ಕಾರಿನ ಸೆನ್ಸರುಗಳಿಂದಲೇ ಓದಿ ತೋರಿಸುತ್ತವೆ. ಹೊಸ ಕಾರಿಗೆ, ವಾರಂಟಿ ಇರುವಾಗ, ಇದೇ ವಾಸಿ. ಆದರೆ ಆ ಸಾಕೆಟ್ಟಿನ 16ನೇ ಪಿನ್ನಿನಲ್ಲಿ ಕೀ ಆಫ್ ಆದರೂ ಬ್ಯಾಟರಿಯ ಕರೆಂಟು ಇರುತ್ತದೆ. ತಾನಾಗಿ ಮಲಗದ ಗೇಜನ್ನು ಅಲ್ಲೇ ಬಿಟ್ಟು ಊರಿಗೆ ಹೋದರೆ ಆ ಹ್ಯಾಚ್‌ಬ್ಯಾಕಿನ ಕತೆಯೇ ಮರುಕಳಿಸುತ್ತದೆ.

ಹೋಗುವವರಿಗೆ

ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಜೆ.ಸಿ. ರಸ್ತೆಗೆ ನಡೆದೇ ಬರಬಹುದು. ಕಾರು ತರದೆ ಒಮ್ಮೆ ಬಂದು ಗೇಜು ನೋಡಿ, ದರ ವಿಚಾರಿಸಿ ಹೋಗುವುದು ಒಳ್ಳೆಯದು. ಇಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ಸ್ವಂತ ಕೈಯಲ್ಲಿ ಕೆಲಸ ಮಾಡುವ ಆಸೆ ಇರುವವರು ಹತ್ತಿರದ ಎಸ್.ಪಿ. ರಸ್ತೆಗೂ ಹೋಗಬೇಕು. ಮಲ್ಟಿಮೀಟರ್, ಸೋಲ್ಡರಿಂಗ್ ಕಡ್ಡಿ, ಹೀಟ್ ಶ್ರಿಂಕ್ ಸ್ಲೀವ್, ರಿಲೇ, ಫ್ಯೂಸ್ ಹೋಲ್ಡರ್ ಎಲ್ಲ ಅಲ್ಲಿ ಸಿಗುತ್ತವೆ.

ಗೇಜು ಕೊಳ್ಳುವಾಗ ಅದರ ಸೆನ್ಸರನ್ನೂ ಅದೇ ಡಬ್ಬಿಯಲ್ಲಿ ಕೊಳ್ಳಿ. ವಿಡಿಒ ಬಗೆಯ ಆಯಿಲ್ ಸೆನ್ಸರು ಒತ್ತಡ ಇಲ್ಲದಾಗ 10 ಓಮ್, ಪೂರ್ತಿ ಒತ್ತಡದಲ್ಲಿ 180 ಓಮ್ ತೋರಿಸುತ್ತದೆ. ಅಮೆರಿಕದ ಬಗೆಯದು ತದ್ವಿರುದ್ಧ: ಸೊನ್ನೆಗೆ 240, ಪೂರ್ತಿಗೆ 33. ಒಂದರ ಗೇಜಿಗೆ ಇನ್ನೊಂದರ ಸೆನ್ಸರು ಹಾಕಿದರೆ ಎಂಜಿನ್ ನಿಂತಿರುವಾಗ ಮುಳ್ಳು ತುದಿಗೇರಿ ಕೂರುತ್ತದೆ. ವೈರಿಂಗ್ ಎಷ್ಟು ಹುಡುಕಿದರೂ ದೋಷ ಸಿಗುವುದಿಲ್ಲ. ಒಂದೇ ವೈರಿನ ಸೆನ್ಸರು ತನ್ನ ಸುರುಳಿಯ ಮೂಲಕವೇ ಎಂಜಿನ್ನಿಗೆ ಅರ್ತ್ ಆಗುತ್ತದೆ. ಅದಕ್ಕೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಬೇಡಿ. ಬಿಸಿಯ ಸೆನ್ಸರಿಗೆ ಸರಿಯಾದ ಅರ್ತ್ ಸಿಗದಿದ್ದರೆ ಗೇಜು ನಿಜಕ್ಕಿಂತ ಕಡಿಮೆ ಬಿಸಿ ತೋರಿಸುತ್ತದೆ, ಅದು ಹೆಚ್ಚು ತೋರಿಸುವುದಕ್ಕಿಂತ ಅಪಾಯ. ಆಯಿಲ್ ಗೇಜಿಗಾಗಿ ಕಂಪನಿಯ ಎಚ್ಚರಿಕೆ ದೀಪದ ಸ್ವಿಚ್ಚನ್ನು ತೆಗೆಸಬೇಡಿ. ಟಿ ಆಕಾರದ ಜೋಡಣೆ ಹಾಕಿಸಿ ಎರಡನ್ನೂ ಉಳಿಸಿಕೊಳ್ಳಿ.

ಹಾಕುವವರ ಹತ್ತಿರ ಕೇಳಬೇಕಾದ್ದು ಇಷ್ಟು: ಪ್ಲಸ್ ಯಾವ ಫ್ಯೂಸಿನಿಂದ? ಕೀ ತೆಗೆದರೆ ಅದು ಸಾಯುತ್ತದೆಯೆ? ಅರ್ತ್ ಯಾವ ಬೋಲ್ಟಿಗೆ? ಬೇರೆ ಫ್ಯೂಸು ಎಲ್ಲಿದೆ? ತೂತಿಗೆ ಬುಷ್ ಇದೆಯೆ? ಜೋಡಣೆ ಟೇಪಿನದೋ, ಬೆಸುಗೆಯದೋ? ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ. ಮುಂದೆ ಯಾವ ಊರಿನ ಯಾವ ಎಲೆಕ್ಟ್ರಿಷಿಯನ್ ಆ ಕಾರನ್ನು ಬಿಚ್ಚಿದರೂ ಆ ಚೀಟಿ ಅವರ ಅರ್ಧ ದಿನ ಉಳಿಸುತ್ತದೆ.

ನಾವು ಗೇಜಿಗೆ ಸಾವಿರಗಟ್ಟಲೆ ಕೊಡುತ್ತೇವೆ, ಅದನ್ನು ಕೂರಿಸುವ ಕೆಲಸಕ್ಕೆ ನೂರಿನ್ನೂರಕ್ಕೂ ಚೌಕಾಸಿ ಮಾಡುತ್ತೇವೆ. ಓಣಿಯಲ್ಲಿ ನಾನು ನೋಡಿದ ದೋಷಗಳೆಲ್ಲ ಹುಟ್ಟಿದ್ದು ಆ ಚೌಕಾಸಿಯಲ್ಲಿ, ಆ ಅವಸರದಲ್ಲಿ. ಅವನ್ನು ಸರಿಪಡಿಸಿದ್ದು ದುಬಾರಿ ಬಿಡಿಭಾಗವಲ್ಲ; ಊಹೆ ಬಿಟ್ಟು ಅಳೆದು ನೋಡುವ ಅಭ್ಯಾಸ, ಅರ್ಧ ಗಂಟೆ ಕಾಯುವ ತಾಳ್ಮೆ, ಬಣ್ಣ ಕೆರೆದು ತಗಡು ತೋರಿಸುವಷ್ಟು ಶ್ರದ್ಧೆ. ಇವಕ್ಕೆ ಬೆಲೆ ಇದೆ, ಆ ಬೆಲೆಯನ್ನು ಕೇಳಿದಷ್ಟು ಕೊಡುವುದೇ ಅಗ್ಗ. ಗೇಜು ಹಾಕಿಸುವ ದಿನ ಆ ಕೈಗೆ ಅರ್ಧ ದಿನದ ಸಮಯವನ್ನೂ ಅದರ ಪೂರ್ತಿ ಕೂಲಿಯನ್ನೂ ಕೊಟ್ಟರೆ, ದೋಷ ಹುಡುಕಿಸಲು ಮತ್ತೆ ಇಲ್ಲಿಗೆ ಬರುವ ಅಗತ್ಯ ಬಹುಪಾಲು ಬೀಳುವುದಿಲ್ಲ.